ಆಗಸ್ಟ್ ತಿಂಗಳ ಛತ್ರಿ: ಮೆಡಿಟರೇನಿಯನ್ ವಾಯುಗುಣದ ಪಾಠ ಮತ್ತು ಅದರ ಪೀಠಿಕೆ

ಬೋಧನಾಭ್ಯಾಸದ ಎರಡನೇ ಹಂತದಲ್ಲಿ ನನ್ನನ್ನು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನಿಯೋಜಿಸಿದ್ದರು. ಏಳನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಯುರೋಪ್ ಖಂಡ ನನ್ನ ಪಾಲಿಗೆ ಬಂದ ಘಟಕ. ಅದರಲ್ಲಿ ಮೆಡಿಟರೇನಿಯನ್ ವಾಯುಗುಣಕ್ಕೆ ಎರಡು ಅವಧಿಗಳನ್ನು ಇಟ್ಟುಕೊಂಡಿದ್ದೆ. ಮೊದಲ ಅವಧಿ ಕೆಟ್ಟಿತು. ಎರಡನೆಯದರಲ್ಲಿ ಅದನ್ನು ಸ್ವಲ್ಪ ಸರಿಪಡಿಸಿಕೊಂಡೆ. ಕೆಟ್ಟದ್ದು ಏಕೆ ಎಂಬುದು ಇತರ ಪ್ರಶಿಕ್ಷಣಾರ್ಥಿಗಳಿಗೂ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ.

ಮೊದಲ ಅವಧಿ

ಬೋಧನೋಪಕರಣವಾಗಿ ಒಂದು ದೊಡ್ಡ ಚಿತ್ರಪಟ ಸಿದ್ಧಪಡಿಸಿದ್ದೆ. ಇಟಲಿಯ ಕಡಲ ತೀರ. ಅಪ್ಪ, ಅಮ್ಮ, ಇಬ್ಬರು ಮಕ್ಕಳು. ಮರಳಿನಲ್ಲಿ ಸಾಲಾಗಿ ನೆಟ್ಟ ಬಣ್ಣದ ಛತ್ರಿಗಳು. ಕೆಳಗೆ ‘ಆಗಸ್ಟ್ ತಿಂಗಳ ಬೇಸಿಗೆ ರಜೆ’ ಎಂದು ಬರೆದಿದ್ದೆ. ಪೀಠಿಕೆಗೆ ಮೂರು ಪ್ರಶ್ನೆಗಳಿದ್ದವು. ಮೊದಲನೆಯದು: “ಬೇಸಿಗೆ ರಜೆಯಲ್ಲಿ ನಿಮ್ಮಲ್ಲಿ ಯಾರು ಯಾರು ಸಮುದ್ರ ನೋಡಲು ಹೋಗಿದ್ದಿರಿ?”

ಮೂರು ಕೈಗಳು ಎದ್ದವು. ಉಳಿದವರು ತಲೆ ತಗ್ಗಿಸಿದರು. ತರಗತಿಯನ್ನು ಚುರುಕುಗೊಳಿಸಲೆಂದು ಎರಡನೇ ಸಾಲಿನ ಹುಡುಗಿಯೊಬ್ಬಳನ್ನು, “ನೀನು ಯಾಕಮ್ಮ ಹೋಗಲಿಲ್ಲ?” ಎಂದು ಕೇಳಿದೆ. ಅವಳು ಎದ್ದು ನಿಂತು, “ನಮ್ಮಪ್ಪಂಗೆ ರಜಾನೇ ಇರಲ್ಲ ಮಿಸ್. ಮಗ್ಗ ನಿಂತ್ರೆ ಕೂಲಿ ಇಲ್ಲ” ಎಂದಳು. ಏನು ಹೇಳಬೇಕೆಂದು ತೋಚದೆ, “ಸರಿ, ಕೂತ್ಕೋ” ಎಂದು ಮುಂದಿನ ಪ್ರಶ್ನೆಗೆ ಹೋದೆ.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗ, “ಮಿಸ್, ಮಳೇನೇ ಬರ್ತಿಲ್ಲ, ಛತ್ರಿ ಯಾಕೆ ಇಟ್ಕೊಂಡವ್ರೆ?” ಎಂದ. ಮಕ್ಕಳು ನಕ್ಕರು. ನನ್ನ ಪಾಠಯೋಜನೆಯಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ. “ಆಮೇಲೆ ಹೇಳ್ತೀನಿ” ಎಂದವಳು ಹೇಳಲೇ ಇಲ್ಲ. ‘ಬೇಸಿಗೆ ಒಣ, ಚಳಿಗಾಲ ಮಳೆ’ ಎಂದು ಕಪ್ಪುಹಲಗೆಯಲ್ಲಿ ಬರೆದೆ. ಮಕ್ಕಳು ನೋಟ್ ಪುಸ್ತಕಕ್ಕೆ ಇಳಿಸಿಕೊಂಡರು.

ನನ್ನ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ‘ಮೊದಲ ಪ್ರಶ್ನೆ ಕೇಳಿದ್ದು ಪೂರ್ವಜ್ಞಾನವನ್ನೋ, ಮನೆಯ ವರಮಾನವನ್ನೋ?’ ಆ ರಾತ್ರಿ ಪಾಠಯೋಜನೆಯನ್ನು ಮತ್ತೆ ಬರೆದೆ.

ಎರಡನೇ ಅವಧಿ

ಮರುದಿನ ಬೆಳಗಿನಿಂದಲೇ ಜಡಿಮಳೆ. ಬಾಗಿಲ ಬಳಿ ಒದ್ದೆ ಛತ್ರಿಗಳು ಒರಗಿದ್ದವು. ಅದೇ ಚಿತ್ರಪಟ ತೂಗುಹಾಕಿ, ಹಿಂದಿನ ದಿನದ ಹುಡುಗನ ಪ್ರಶ್ನೆಯನ್ನೇ ಪೀಠಿಕೆ ಮಾಡಿಕೊಂಡೆ: “ಇಲ್ಲಿ ಆಗಸ್ಟ್‌ನಲ್ಲಿ ಛತ್ರಿ ಯಾಕೆ? ಅಲ್ಲಿ ಆಗಸ್ಟ್‌ನಲ್ಲಿ ಛತ್ರಿ ಯಾಕೆ?” ಇಲ್ಲಿ ಮಳೆಗೆ, ಅಲ್ಲಿ ಬಿಸಿಲಿಗೆ ಎಂಬ ಉತ್ತರ ಹಲವು ಬಾಯಿಗಳಿಂದ ಒಟ್ಟಿಗೇ ಬಂತು. ಈ ಪ್ರಶ್ನೆಗೆ ಉತ್ತರಿಸಲು ಯಾರೂ ಸಮುದ್ರ ನೋಡಿರಬೇಕಾಗಿರಲಿಲ್ಲ.

ನಂತರ ಒಂದು ಪಟ್ಟಿ ಬರೆದೆ. ಜುಲೈ ತಿಂಗಳ ಸರಾಸರಿ ಮಳೆ: ಅಥೆನ್ಸ್‌ನಲ್ಲಿ 10 ಮಿಲಿಮೀಟರಿಗಿಂತ ಕಡಿಮೆ, ಮಂಗಳೂರಿನಲ್ಲಿ ಸುಮಾರು 1,000, ಬೆಂಗಳೂರಿನಲ್ಲಿ ಸುಮಾರು 110. ಡಿಸೆಂಬರ್: ಅಥೆನ್ಸ್‌ನಲ್ಲಿ ಸುಮಾರು 65, ಮಂಗಳೂರು, ಬೆಂಗಳೂರುಗಳಲ್ಲಿ 20ರ ಆಸುಪಾಸು. “ಜುಲೈನಲ್ಲಿ ಸಮುದ್ರಕ್ಕೆ ಹೋಗುವುದಾದರೆ ಎಲ್ಲಿಗೆ ಹೋಗಬಹುದು?” ಎಂದಾಗ ಮಕ್ಕಳೇ ಅಥೆನ್ಸ್ ಎಂದರು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದನ್ನು ಇದಕ್ಕೆ ಸೇರಿಸಿದೆ. ಮೀನುಗಳು ಮರಿ ಮಾಡುವ ಕಾಲ ಅದು, ಕಡಲೂ ಆಗ ಒರಟು.

ಕಾರಣ ವಿವರಿಸಲು ಗ್ಲೋಬ್ ಬಳಸಿದೆ. ಬೇಸಿಗೆಯಲ್ಲಿ ಸೂರ್ಯನೊಂದಿಗೆ ಅಧಿಕ ಒತ್ತಡದ ಪಟ್ಟಿಯೂ ಉತ್ತರಕ್ಕೆ ಸರಿದು ಮೆಡಿಟರೇನಿಯನ್ ಸಮುದ್ರದ ಮೇಲೆ ಕೂರುತ್ತದೆ. ಅಲ್ಲಿ ಗಾಳಿ ಮೇಲಿನಿಂದ ಕೆಳಗಿಳಿದು ಬಿಸಿಯಾಗುತ್ತದೆ, ಮೋಡ ಕಟ್ಟುವುದಿಲ್ಲ. ಚಳಿಗಾಲದಲ್ಲಿ ಆ ಪಟ್ಟಿ ದಕ್ಷಿಣಕ್ಕೆ ಸರಿದಾಗ ಅಟ್ಲಾಂಟಿಕ್ ಕಡೆಯಿಂದ ಪಶ್ಚಿಮ ಮಾರುತಗಳು ಮಳೆ ತರುತ್ತವೆ. ನಮ್ಮಲ್ಲಿ ಜೂನ್ ಹೊತ್ತಿಗೆ ಕಾದ ಭೂಮಿಯ ಕಡೆಗೆ ಅರಬ್ಬಿ ಸಮುದ್ರದ ತೇವದ ಗಾಳಿ ಬೀಸುತ್ತದೆ. ಪಶ್ಚಿಮ ಘಟ್ಟ ಆ ಮಳೆಯ ಹೆಚ್ಚಿನ ಪಾಲನ್ನು ಆಚೆಯೇ ಸುರಿಸಿಕೊಳ್ಳುವುದರಿಂದ ದೊಡ್ಡಬಳ್ಳಾಪುರಕ್ಕೆ ಉಳಿಕೆ ಮಾತ್ರ ಬರುತ್ತದೆ.

ಇಲ್ಲಿ ಮಕ್ಕಳಲ್ಲಿದ್ದ ಒಂದು ತಪ್ಪು ಕಲ್ಪನೆ ಹೊರಬಿತ್ತು. ಆಸ್ಟ್ರೇಲಿಯಾದಂತೆ ಇಟಲಿಯಲ್ಲೂ ಋತುಗಳು ತಿರುವುಮುರುವು ಎಂದು ಕೆಲವರು ತಿಳಿದಿದ್ದರು. ಇಟಲಿಯೂ ನಮ್ಮಂತೆ ಉತ್ತರ ಗೋಳಾರ್ಧದಲ್ಲೇ ಇದೆ. ತೊಡಕಿರುವುದು ‘ಬೇಸಿಗೆ’ ಎಂಬ ಪದದಲ್ಲಿ. ಜೂನ್‌ನಲ್ಲಿ ಮೋಡ ಬಂದು ನಮ್ಮ ಬಿಸಿಲನ್ನು ತಡೆಯುವುದರಿಂದ ನಮಗೆ ಏಪ್ರಿಲ್, ಮೇ ಬೇಸಿಗೆ. ಅಲ್ಲಿ ತಡೆಯುವ ಮೋಡವಿಲ್ಲ; ಸೆಕೆ ಜುಲೈ, ಆಗಸ್ಟ್‌ವರೆಗೂ ಏರುತ್ತದೆ. ಶಾಲೆಯ ರಜೆಯೂ ಹಾಗೆಯೇ ಬೀಳುತ್ತದೆ. ನಾವು ಧ್ವಜ ಹಾರಿಸುವ ಆಗಸ್ಟ್ 15 ಇಟಲಿಯಲ್ಲಿ ಫೆರಾಗೋಸ್ತೊ ಎಂಬ ರಜಾದಿನ. ಆ ದಿನ ಬಹಳಷ್ಟು ಕುಟುಂಬಗಳು ಕಡಲ ತೀರದಲ್ಲಿರುತ್ತವೆ.

ಬೆಳೆಗಳ ಭಾಗವನ್ನು ಮಕ್ಕಳೇ ನಡೆಸಿದರು. ದ್ರಾಕ್ಷಿ ತೋಟದ ಮನೆಯ ಹುಡುಗನೊಬ್ಬ, ಹಣ್ಣಾಗುವಾಗ ಮಳೆ ಬಿದ್ದರೆ ಕಾಯಿ ಒಡೆದು ಗೊಂಚಲು ಕೊಳೆಯುತ್ತದೆ ಎಂದ. ಒಣ ಬೇಸಿಗೆಯಲ್ಲಿ ಹಣ್ಣಾಗುವ ದ್ರಾಕ್ಷಿ ದಕ್ಷಿಣ ಯುರೋಪಿನಲ್ಲಿ ಏಕೆ ಅಷ್ಟು ಚೆನ್ನಾಗಿ ಬರುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ. ಅಲ್ಲಿನ ಕಿತ್ತಳೆ, ನಿಂಬೆಗಳಿಗೆ ನಮ್ಮ ದೇವನಹಳ್ಳಿ ಚಕ್ಕೋತ ಹತ್ತಿರದ ನಂಟ ಎಂದಾಗ ತರಗತಿಗೆ ಖುಷಿಯಾಯಿತು.

ಉಳಿದಿದ್ದ ಉತ್ತರ

ಹಿಂದಿನ ದಿನ ನಾನು ಕೂರಿಸಿದ್ದ ಹುಡುಗಿಗೆ ಒಂದು ಉತ್ತರ ಬಾಕಿಯಿತ್ತು. ಚಿತ್ರಪಟ ತೋರಿಸಿ, “ಈ ಅಪ್ಪನಿಗೆ ರಜೆ ಕೊಟ್ಟವರು ಯಾರು?” ಎಂದು ಇಡೀ ತರಗತಿಯನ್ನು ಕೇಳಿದೆ. ಮೆಡಿಟರೇನಿಯನ್ ತೀರವಿರುವ ಫ್ರಾನ್ಸ್‌ನಲ್ಲೂ ಒಂದು ಕಾಲಕ್ಕೆ ಕಡಲ ತೀರದ ರಜೆ ಹೆಚ್ಚಾಗಿ ಉಳ್ಳವರದಾಗಿತ್ತು. 1936ರಲ್ಲಿ ಕಾರ್ಮಿಕರ ದೊಡ್ಡ ಮುಷ್ಕರಗಳ ನಡುವೆ ಬಂದ ಕಾನೂನು ಕೆಲಸಗಾರರಿಗೆ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ ಕೊಟ್ಟಿತು. ಬಿಸಿಲನ್ನು ಕೊಟ್ಟದ್ದು ವಾಯುಗುಣ, ರಜೆಯನ್ನು ಕೊಟ್ಟದ್ದು ಕಾನೂನು ಎಂದೆ.

ಆ ಹುಡುಗಿ, “ಆ ಕಾನೂನು ನಮ್ಮಪ್ಪಂಗೆ ಇಲ್ವಾ ಮಿಸ್?” ಎಂದಳು. ನಮ್ಮ ದೇಶದ 1948ರ ಕಾರ್ಖಾನೆ ಕಾಯ್ದೆ 20 ದಿನದ ದುಡಿಮೆಗೆ 1 ದಿನದಂತೆ ಸಂಬಳದ ರಜೆ ತಂದಿತು. ಆದರೆ ವಿದ್ಯುತ್ ಬಳಸುವ ಕಡೆ ಕನಿಷ್ಠ 10 ಜನ ಕೆಲಸಗಾರರಿದ್ದರೆ ಮಾತ್ರ ಅದು ಕಾರ್ಖಾನೆ ಎನಿಸಿಕೊಳ್ಳುತ್ತಿತ್ತು, ನಾಲ್ಕಾರು ಮಗ್ಗಗಳ ಮನೆ ಅದರ ಹೊರಗೆ ಉಳಿಯಿತು ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. “ನಮ್ಮ ಶೆಡ್‌ನಲ್ಲಿ ನಾಲ್ಕೇ ಜನ” ಎಂದು ಅವಳು ಎಣಿಸಿ ಹೇಳಿ ಕೂತಳು. ಈ ಸಲ ಕೂತ್ಕೋ ಎಂದು ನಾನು ಹೇಳಲಿಲ್ಲ.

ಪ್ರಶಿಕ್ಷಣಾರ್ಥಿಗಳಿಗೆ

ಪೀಠಿಕೆಯ ಪ್ರಶ್ನೆಯನ್ನು ಬರೆದ ಮೇಲೆ ಒಂದು ಪರೀಕ್ಷೆ ಮಾಡಿ: ಇದಕ್ಕೆ ಉತ್ತರಿಸಲು ಮಗುವಿಗೆ ಹಣ ಬೇಕೆ, ಅನುಭವ ಬೇಕೆ? ‘ಎಲ್ಲಿಗೆ ಹೋಗಿದ್ದಿರಿ?’, ‘ಏನು ಕೊಂಡಿರಿ?’, ‘ಮನೆಯಲ್ಲಿ ಏನೇನಿದೆ?’ ಎಂಬ ಪ್ರಶ್ನೆಗಳು ತರಗತಿಯನ್ನು ಎರಡು ಭಾಗ ಮಾಡುತ್ತವೆ. ಮಳೆ, ಬಿಸಿಲು, ಛತ್ರಿ, ತೋಟ, ಮಗ್ಗ ಎಲ್ಲರಿಗೂ ಗೊತ್ತಿರುವಂಥವು. ನಮ್ಮ ಯೋಜನೆಯಲ್ಲಿಲ್ಲದ ಪ್ರಶ್ನೆ ಮಕ್ಕಳಿಂದ ಬಂದರೆ ಅದನ್ನು ಕೂಡಲೇ ಪಾಠಯೋಜನೆಯ ಅಂಚಿನಲ್ಲಿ ಬರೆದುಕೊಳ್ಳಿ. ನನ್ನ ಎರಡನೇ ದಿನದ ಪೀಠಿಕೆ ಸಿಕ್ಕಿದ್ದು ಅಲ್ಲಿಂದಲೇ.