ಒಂದಕ್ಕಿಂತ ಹೆಚ್ಚು ಪರೀಕ್ಷೆ: ಯಾವ ಅಂಕ ಪರಿಗಣನೆಗೆ?



‘ಎರಡನೆಯ ಸಲ ಬರೆದು ಅಂಕ ಇಳಿದರೆ ಮೊದಲಿನದೂ ಹೋದೀತು’ ಎಂಬ ಅಂಜಿಕೆಯಿಂದ ಗ್ರಾಮೀಣ ವಿದ್ಯಾರ್ಥಿಗಳು ದೊರೆತ ಅವಕಾಶವನ್ನು ಬಿಡಬಾರದು. ನಿಯಮಗಳು ಪರೀಕ್ಷೆಯಿಂದ ಪರೀಕ್ಷೆಗೆ ಭಿನ್ನವಾಗಿವೆ.

1. ಜೆಇಇ ಮೇನ್: ವರ್ಷದಲ್ಲಿ ಎರಡು ಅವಧಿಗಳಲ್ಲಿ ನಡೆಯುತ್ತದೆ. ಎರಡನ್ನೂ ಬರೆದವರಿಗೆ ಸರಾಸರಿ ತೆಗೆಯುವುದಿಲ್ಲ. ಉತ್ತಮವಾದ ಅಂಕದ ಮೇಲೆಯೇ ರ‍್ಯಾಂಕ್ ನಿರ್ಧಾರವಾಗುತ್ತದೆ.

2. ದ್ವಿತೀಯ ಪಿಯುಸಿ: 2024ರಿಂದ ಒಂದೇ ಸಾಲಿನಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಉತ್ತೀರ್ಣರಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು. ಉತ್ತಮ ಅಂಕ ಉಳಿಯುತ್ತದೆ.

3. ಸಿಇಟಿ: ಎಂಜಿನಿಯರಿಂಗ್ ರ‍್ಯಾಂಕ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಯುಸಿ ಅಂಕಕ್ಕೂ ಸಿಇಟಿ ಅಂಕಕ್ಕೂ ಸಮಪಾಲು. ಪಿಯುಸಿಯಲ್ಲಿ 300ಕ್ಕೆ 240 (ಶೇ. 80), ಸಿಇಟಿಯಲ್ಲಿ 180ಕ್ಕೆ 90 (ಶೇ. 50) ಬಂದರೆ ಒಟ್ಟು ಶೇ. 65. ಮರುಪರೀಕ್ಷೆಯಲ್ಲಿ ಪಿಯುಸಿ ಅಂಕ 270ಕ್ಕೇರಿ ಅದು ಪರಿಗಣನೆಯಾದರೆ ಶೇ. 70. ಆದುದರಿಂದ ಹೊಸ ಅಂಕ ಸಲ್ಲಿಸುವ ವಿಧಾನ ಹಾಗೂ ಕೊನೆಯ ದಿನಾಂಕವನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರಕಟಣೆಯಲ್ಲಿ ನೋಡಿಕೊಳ್ಳತಕ್ಕದ್ದು.

4. ನೀಟ್: ವೈದ್ಯಕೀಯ ಪದವಿ ಪ್ರವೇಶಕ್ಕೆ ಆಯಾ ವರ್ಷದ ಅಂಕ ಮಾತ್ರ ಸಲ್ಲುತ್ತದೆ. ಮರುವರ್ಷ ಪ್ರವೇಶ ಬಯಸುವವರು ಹೊಸದಾಗಿ ಬರೆಯಬೇಕು. ಹಿಂದಿನ ವರ್ಷದ ಉತ್ತಮ ಅಂಕ ನೆರವಿಗೆ ಬಾರದು.

ಸಾರಾಂಶವಿಷ್ಟೆ: ಮೊದಲ ಎರಡರಲ್ಲಿ ಮತ್ತೆ ಬರೆದರೆ ಗಳಿಸಿದ್ದು ನಷ್ಟವಾಗದು, ನೀಟ್‌ನಲ್ಲಿ ಹಳೆಯದನ್ನು ನೆಚ್ಚಲಾಗದು. ಗ್ರಾಮ ಪಂಚಾಯತಿ ಸದಸ್ಯರು ಈ ವಿವರವನ್ನು ಅರಿವು ಕೇಂದ್ರದ ಫಲಕದಲ್ಲಿ ಪ್ರದರ್ಶಿಸಿ, ಅರ್ಜಿಯ ಅವಧಿ ಮುಗಿಯುವ ಮುನ್ನವೇ ಪೋಷಕರಿಗೆ ಮನವರಿಕೆ ಮಾಡಿಕೊಡುವುದು.