‘ಲೌಕಿಕ’ ಅಂದರೆ ಕೊಳಕು ಅಂತಲ್ಲ

ಪ್ರಿಯರೇ, ಕಳೆದ ತಿಂಗಳು ಯೌವನಸ್ಥರ ಕೂಟ ಮುಗಿದ ಮೇಲೆ ಒಬ್ಬ ತಮ್ಮ ನನ್ನ ಹತ್ತಿರ ಬಂದ. “ಪಾಸ್ಟರ್, ರಾಜೀನಾಮೆ ಬರೆದಿಟ್ಟಿದ್ದೀನಿ. ಲೌಕಿಕ ಕೆಲಸ ಸಾಕು, ಇನ್ನು ಪೂರ್ಣ ಸಮಯದ ಸೇವೆ” ಅಂದ. ಕರೆ ಬಂದಿದೆಯಾ ಅಂತ ಕೇಳಿದೆ. “ಗೊತ್ತಿಲ್ಲ ಪಾಸ್ಟರ್. ಆದರೆ ಸೋಮವಾರ ಲ್ಯಾಪ್‌ಟಾಪ್ ತೆರೆದ ಕೂಡಲೇ ಮೈಲಿಗೆ ಆದ ಹಾಗೆ ಅನ್ನಿಸುತ್ತೆ. ನೀವೇ ಅಲ್ವಾ ಹಾಗೆ ಹೇಳಿದ್ದು?” ಹೌದು, ನಾನೇ, ಇದೇ ಪೀಠದಿಂದ. ‘ಲೌಕಿಕ’ ಅನ್ನೋ ಮಾತನ್ನ ಬೈಗುಳದ ಹಾಗೆ ಬಳಸಿದ್ದೆ. ಅದನ್ನ ಇವತ್ತು ತಿದ್ದಬೇಕು.

ಯಾಜಕಕಾಂಡ 10:10 ತೆಗೆಯಿರಿ. ನಾದಾಬನೂ ಅಬೀಹುವೂ ಸತ್ತ ಮೇಲೆ ದೇವರು ಆರೋನನಿಗೆ ಹೇಳಿದ ಮಾತು. ಅಲ್ಲಿ ಒಂದಲ್ಲ, ಎರಡು ಜೋಡಿ ಇವೆ. ‘ಕೋದೆಷ್’ ಅಂದರೆ ದೇವರಿಗಾಗಿ ಪ್ರತ್ಯೇಕಿಸಿದ್ದು. ಅದಕ್ಕೆ ಎದುರು ‘ಖೋಲ್’. ಆಮೇಲೆ ಶುದ್ಧ, ಅಶುದ್ಧ. ಅದು ಬೇರೆ ಜೋಡಿ. ನಾವೇನು ಮಾಡಿದ್ವಿ? ಖೋಲನ್ನೂ ಅಶುದ್ಧವನ್ನೂ ಒಂದೇ ಬುಟ್ಟಿಗೆ ಹಾಕಿದ್ವಿ. ಖೋಲ್ ಅಂದರೆ ಸಾಧಾರಣವಾದದ್ದು, ದಿನಬಳಕೆಯದು, ಅಷ್ಟೇ. 1 ಸಮುವೇಲ 21ರಲ್ಲಿ ದಾವೀದ ರೊಟ್ಟಿ ಕೇಳಿದಾಗ ಯಾಜಕ ಅಹೀಮೆಲೆಕ, ಖೋಲ್ ರೊಟ್ಟಿ ಇಲ್ಲ, ಪವಿತ್ರ ರೊಟ್ಟಿ ಮಾತ್ರ ಇದೆ ಅಂತಾನೆ. ಖೋಲ್ ರೊಟ್ಟಿ ಅಂದರೆ ಕೆಟ್ಟುಹೋದದ್ದಲ್ಲ, ಮನೆಯಲ್ಲಿ ದಿನಾ ತಿನ್ನೋ ರೊಟ್ಟಿ! ಇವತ್ತಿಗೂ ಇಬ್ರಿಯ ಭಾಷೆಯಲ್ಲಿ ‘ಯೋಮ್ ಖೋಲ್’ ಅಂದರೆ ವಾರದ ಕೆಲಸದ ದಿನ. ನಿಮ್ಮ ಸೋಮವಾರ.

ಹಾಗಂತ ಎಲ್ಲವೂ ನಡೆಯುತ್ತೆ ಅನ್ನಬೇಡಿ. ಆಫೀಸಲ್ಲಿ ಸುಳ್ಳು ಬಿಲ್ ಹಾಕೋದು ಖೋಲ್ ಅಲ್ಲ, ಅಶುದ್ಧ. ಅದಕ್ಕೆ ಪಶ್ಚಾತ್ತಾಪ ಬೇಕು, ರಾಜೀನಾಮೆ ಸಾಲದು.

ಹೊಸ ಒಡಂಬಡಿಕೆಯಲ್ಲಿ ಇದಕ್ಕೆ ಹತ್ತಿರದ ಗ್ರೀಕ್ ಪದ ‘ಕೊಯ್ನೊಸ್’. ಯೊಪ್ಪದ ಮಾಳಿಗೆ ಮೇಲೆ ಪೇತ್ರ, ಕೊಯ್ನೊಸ್ ಆದದ್ದನ್ನಾಗಲಿ ಅಶುದ್ಧವಾದದ್ದನ್ನಾಗಲಿ ನಾನು ತಿಂದವನಲ್ಲ ಅಂದ. ನೋಡಿ, ಅವನೂ ಎರಡನ್ನೂ ಒಂದೇ ಉಸಿರಲ್ಲಿ ಹೇಳಿಬಿಟ್ಟ. ದೇವರು ತಡೆದರು, ಮರುದಿನ ಅವನು ಕೊರ್ನೇಲ್ಯನ ಮನೆಗೆ ಹೊರಟ. ಆದರೆ ಅದೇ ಪದ ಅಪೊಸ್ತಲರ ಕೃತ್ಯಗಳು 2:44ರಲ್ಲೂ ಇದೆ, ಗೊತ್ತಾ? ಪಂಚಾಶತ್ತಮ ದಿನದ ನಂತರ ನಂಬಿದವರು ತಮ್ಮದೆಲ್ಲವನ್ನೂ ಕೊಯ್ನೊಸ್ ಆಗಿ ಇಟ್ಟುಕೊಂಡರು, ಅಂದರೆ ಎಲ್ಲರಿಗೂ ಸೇರಿದ್ದಾಗಿ. ಅಲ್ಲಿ ಮೈಲಿಗೆಯ ವಾಸನೆಯೇ ಇಲ್ಲ.

ಕೊನೆಗೆ ಜೆಕರ್ಯ 14:20. ಮಹಾಯಾಜಕನ ಹಣೆಯ ಚಿನ್ನದ ಪಟ್ಟಿಯ ಮೇಲಿದ್ದ ಬರಹವೇ ಆ ದಿನದಲ್ಲಿ ಕುದುರೆಗಳ ಗೆಜ್ಜೆ ಮೇಲೆ ಇರುತ್ತೆ. ಮುಂದಿನ ವಚನದಲ್ಲಿ ಯೆರೂಸಲೇಮಿನ ಅಡುಗೆ ಪಾತ್ರೆಗಳೂ ಪವಿತ್ರ.

ಆ ತಮ್ಮನ ಜೊತೆ ಕೂತು ಇದನ್ನೆಲ್ಲ ಓದಿದೆ, ಕ್ಷಮೆಯನ್ನೂ ಕೇಳಿದೆ. ರಾಜೀನಾಮೆ ಪತ್ರ ಇನ್ನೂ ಅವನ ಬ್ಯಾಗಲ್ಲೇ ಇದೆ. ಕರೆ ಇದ್ದರೆ ಕೊಡಲಿ. ಶುಕ್ರವಾರದ ಉಪವಾಸ ಕೂಟದಲ್ಲಿ ಅವನ ಜೊತೆ ನಾವೂ ಪ್ರಾರ್ಥನೆಗೆ ಕೂರೋಣ.