ಹಿತ್ತಲ ಗಿಡ: ಗೋಳಿ ಪಲ್ಲೆ



‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಾವೆಲ್ಲ ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದವರೇ. ಹತ್ತಿರವಿರುವ ವಸ್ತುವಿಗೆ ಜನ ಬೆಲೆ ಕೊಡುವುದಿಲ್ಲ ಎಂದು ಬರೆದು ಅಂಕವನ್ನೂ ಪಡೆದಿದ್ದೇವೆ. ಆದರೆ ಈ ವರ್ಷ ನಮ್ಮ ಮನೆಯಲ್ಲಿ ಆ ಗಾದೆಗೆ ಬೇರೆಯೇ ಅರ್ಥ ಬಂತು.

ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ, ಹಿತ್ತಲಿನಲ್ಲಿ ತಾನಾಗಿ ಹುಟ್ಟುವ ಸೊಪ್ಪು ಇದು. ನಮ್ಮ ಕಡೆ ಗೋಳಿ ಪಲ್ಲೆ, ಮೈಸೂರು ಕಡೆ ಗೋಣಿ ಸೊಪ್ಪು, ಉರ್ದು ಮಾತಾಡುವ ನಮ್ಮ ಮನೆಯಲ್ಲಿ ಕುಲ್ಫಾ ಅಥವಾ ಖುರ್ಫಾ. ಸಸ್ಯಶಾಸ್ತ್ರದಲ್ಲಿ ಪೋರ್ಚುಲಾಕಾ ಒಲೆರೇಸಿಯಾ. ಅರಬಿಯಲ್ಲಿ ಇದಕ್ಕೆ ‘ಪೆದ್ದು ಸೊಪ್ಪು’ ಎಂಬ ಅರ್ಥದ ಹೆಸರೂ ಇದೆ. ನೀರು ಹರಿಯುವ ದಾರಿಯಲ್ಲೇ, ಜನ ತುಳಿಯುವ ಕಡೆಯೇ ಬೆಳೆಯುತ್ತದೆ ಎಂದು ಆ ಹೆಸರಂತೆ.

ಗುರುತಿಸುವುದು ಹೇಗೆ?

ಕಾಂಡ ನುಣುಪಾಗಿ, ದಪ್ಪವಾಗಿ, ಕೆಂಪು ಛಾಯೆಯಲ್ಲಿರುತ್ತದೆ. ಎಲೆ ಚಮಚದ ಆಕಾರದ್ದು, ರಸ ತುಂಬಿದ್ದು. ಬಿಸಿಲಿಗೆ ಚಿಕ್ಕ ಹಳದಿ ಹೂ ಅರಳುತ್ತದೆ. ಇದರ ಪಕ್ಕದಲ್ಲೇ ನೆಲಕ್ಕೆ ಹರಡುವ ಇನ್ನೊಂದು ಕಳೆ ಬೆಳೆಯುತ್ತದೆ. ಅದರ ಕಾಂಡ ಮುರಿದರೆ ಬಿಳಿ ಹಾಲು ಬರುತ್ತದೆ. ಅದನ್ನು ತಿನ್ನಬಾರದು. ಗೋಳಿ ಪಲ್ಲೆ ಮುರಿದರೆ ಬರುವುದು ನೀರಿನಂಥ ರಸ. ಚರಂಡಿ ಪಕ್ಕದ್ದು, ಕಳೆನಾಶಕ ಹೊಡೆದ ಹೊಲದ್ದು ಕೀಳಬೇಡಿ.

ಅಡುಗೆಯಲ್ಲಿ

ಮಣ್ಣು ಹೋಗುವಂತೆ ಮೂರು ಸಲ ತೊಳೆಯಬೇಕು. ಒಂದು ಲೋಟ ತೊಗರಿಬೇಳೆಗೆ ಎರಡು ಬೊಗಸೆ ಸೊಪ್ಪು, ಹಸಿಮೆಣಸಿನಕಾಯಿ, ಅರಿಶಿನ ಹಾಕಿ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಸಾಕು. ಸೊಪ್ಪಿಗೇ ಹುಳಿ ಇರುವುದರಿಂದ ಹುಣಸೆ ಕಡಿಮೆ ಹಾಕಬೇಕು. ಜೋಳದ ರೊಟ್ಟಿಗೆ ಒಳ್ಳೆಯ ಜೊತೆ. ನಮ್ಮಲ್ಲಿ ಮಾಂಸದ ಜೊತೆ ಬೇಯಿಸಿ ಕುಲ್ಫಾ ಗೋಷ್ತ್ ಕೂಡ ಮಾಡುತ್ತಾರೆ.

ಮದ್ದಾಗಿ

ಯುನಾನಿ ವೈದ್ಯದಲ್ಲಿ ಇದನ್ನು ಶೀತ ಗುಣದ್ದೆಂದು ಹೇಳುತ್ತಾರೆ. ಬೇಸಿಗೆಯ ದಾಹಕ್ಕೆ, ಉರಿಮೂತ್ರಕ್ಕೆ ಎಲೆಯನ್ನೂ ‘ತುಖ್ಮ್-ಎ-ಖುರ್ಫಾ’ ಎಂಬ ಅದರ ಕಪ್ಪು ಬೀಜವನ್ನೂ ಬಳಸುತ್ತಾರೆ. ಎಲೆ ಅರೆದು ಉರಿಯುವ ಚರ್ಮಕ್ಕೆ ಹಚ್ಚುವುದೂ ಉಂಟು. ಮೀನಿನಲ್ಲಿ ಸಿಗುವ ಒಮೆಗಾ-3 ಗುಂಪಿನ ಒಂದು ಕೊಬ್ಬಿನಾಂಶ ಬೇರೆ ಸೊಪ್ಪುಗಳಿಗಿಂತ ಇದರಲ್ಲಿ ಹೆಚ್ಚು.

ಎಚ್ಚರಿಕೆ

ಅಬ್ಬಾಗೆ ಉರಿಮೂತ್ರ ಶುರುವಾದಾಗ ದಾದಿ ದಿನವೂ ಕುಲ್ಫಾ ಬೇಯಿಸಿ ಬಡಿಸಿದರು. ಅಬ್ಬಾ ತುಟಿ ಬಿಚ್ಚದೆ ತಿಂದರು. ನೋವು ಹೆಚ್ಚಾಗಿ ಆಸ್ಪತ್ರೆಗೆ ಹೋದಾಗ ಮೂತ್ರಪಿಂಡದಲ್ಲಿ ಕಲ್ಲು ಇರುವುದು ತಿಳಿಯಿತು. ಈ ಸೊಪ್ಪಿನಲ್ಲಿ ಆಕ್ಸಲೇಟ್ ಬಹಳ. ಅದು ಕ್ಯಾಲ್ಸಿಯಂ ಜೊತೆ ಸೇರಿದರೆ ಕಲ್ಲು ಬೆಳೆಯಬಹುದು, ಆದ್ದರಿಂದ ಬಿಡಿ ಎಂದರು ವೈದ್ಯರು. ಕಲ್ಲು ಮೊದಲೇ ಇತ್ತು, ಸೊಪ್ಪಿನಿಂದ ಬಂದದ್ದಲ್ಲ ಎಂದೂ ಹೇಳಿದರು. ಆದರೂ ದಾದಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. “ನಾನೇ ಕೊಟ್ಟೆನಲ್ಲ ಬೇಟಾ” ಎನ್ನುತ್ತಿದ್ದರು.

ದಾದಿಗೆ ಸೊಪ್ಪು ಚೆನ್ನಾಗಿ ಗೊತ್ತಿತ್ತು. ಉರಿ ಯಾವುದರಿಂದ ಎಂಬುದು ಗೊತ್ತಿರಲಿಲ್ಲ, ಅಷ್ಟೇ. ಲೆಕ್ಕಶಾಸ್ತ್ರದಲ್ಲಿ ಜಮಾ ಬದಿ ಮಾತ್ರ ಬರೆದರೆ ಖಾತೆ ತಾಳೆಯಾಗುವುದಿಲ್ಲ. ಸೊಪ್ಪಿನ ಗುಣವೂ ಹಾಗೆಯೇ. ಕಲ್ಲಿನ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದನ್ನು ತಿನ್ನಬಾರದು. ಆರೋಗ್ಯವಂತರೂ ದಿನವೂ ತಿನ್ನದೆ ಆಗಾಗ ತಿಂದರೆ ಒಳ್ಳೆಯದು. ಬೇಯಿಸಿದ ನೀರು ಚೆಲ್ಲಿದರೆ, ಮೊಸರಿನ ಜೊತೆ ತಿಂದರೆ ಆಕ್ಸಲೇಟಿನ ಕಾಟ ಕಡಿಮೆಯಾಗುತ್ತದೆ.

ಈಗಲೂ ನಮ್ಮ ಮನೆಯಲ್ಲಿ ಕುಲ್ಫಾ ಬೇಯುತ್ತದೆ. ಅಬ್ಬಾಗೆ ಮಾತ್ರ ಸೊಪ್ಪು ಹಾಕದ ಬೇಳೆಯನ್ನು ದಾದಿ ಮೊದಲೇ ತೆಗೆದಿಡುತ್ತಾರೆ. ನಿಮ್ಮ ಮನೆಯ ಹಿರಿಯರಿಗೂ ಇಂಥ ಸೊಪ್ಪುಗಳು ಗೊತ್ತಿರಬಹುದು. ಅವರ ಜೊತೆ ಒಮ್ಮೆ ಹಿತ್ತಲಿಗೆ ಹೋಗಿ ಕೇಳಿ ತಿಳಿದುಕೊಳ್ಳಿ.